ಹಡಗಿನ ಎಣ್ಣೆ ದಡಕ್ಕೆ ಬಂದಾಗ ಬೆಂಗಳೂರಿನಿಂದ ಹೊಣೆ ಹಿಡಿಯುವುದು ಹೇಗೆ

ಮಲ್ಪೆಗೋ ಕಾರವಾರಕ್ಕೋ ಎಣ್ಣೆ ಬಂತೆಂದು ಕೇಳಿದಾಗ ಬೆಂಗಳೂರಿನಲ್ಲಿರುವ ಕರಾವಳಿಯವರ ರಕ್ತ ಕುದಿಯುವುದು ಸಹಜ. ಆದರೆ ಬಕೆಟ್ ಹಿಡಿದು ರಾತ್ರಿ ಬಸ್ ಹತ್ತಬೇಡಿ. 2017ರ ಜನವರಿಯಲ್ಲಿ ಚೆನ್ನೈ ಪಕ್ಕದ ಎಣ್ಣೂರಿನಲ್ಲಿ ಎರಡು ಹಡಗು ಡಿಕ್ಕಿಯಾದಾಗ ಜನ ಬಕೆಟ್ಟಿನಲ್ಲಿ ಎಣ್ಣೆ ಬಳಿದರು. ಅದು ಚರ್ಮಕ್ಕೂ ಉಸಿರಿಗೂ ಕೆಟ್ಟದ್ದು, ತರಬೇತಿ ಇದ್ದವರ ಕೆಲಸ. ಕಡಲಿನಲ್ಲಿ ಎಣ್ಣೆ ಕಂಡವರು ಕೋಸ್ಟ್ ಗಾರ್ಡ್‌ನ 1554ಕ್ಕೆ ಕರೆ ಮಾಡಲಿ. ಹೈಕೋರ್ಟ್ ಮತ್ತು ಸರ್ಕಾರ ಇರುವ ಊರಿನಲ್ಲಿದ್ದವರಿಗೆ ಬೇರೆ ಕೆಲಸವಿದೆ.

ಮೊದಲು ಹಡಗಿನ ಐಎಂಒ (ಅಂತರರಾಷ್ಟ್ರೀಯ ಕಡಲ ಸಂಸ್ಥೆ) ಸಂಖ್ಯೆ ಹುಡುಕಿ. ಏಳು ಅಂಕಿಯ ಈ ಸಂಖ್ಯೆ ಹಡಗಿನ ಹೆಸರು, ಧ್ವಜ ಬದಲಾದರೂ ಬದಲಾಗದು. ಹಡಗುಗಳ ಮಾಹಿತಿ ಇರುವ ಈಕ್ವಾಸಿಸ್ ಎಂಬ ಅಂತರಜಾಲ ತಾಣದಲ್ಲಿ ಉಚಿತವಾಗಿ ನೋಂದಾಯಿಸಿ ಆ ಸಂಖ್ಯೆ ಹಾಕಿದರೆ ನೋಂದಾಯಿತ ಮಾಲೀಕ, ನಿರ್ವಹಣಾ ಕಂಪನಿ, ಅವರ ಬೇರೆ ಹಡಗುಗಳು ಸಿಗುತ್ತವೆ. ಸೋರಿದ್ದು ಯಾವ ಎಣ್ಣೆ ಎಂಬುದನ್ನೂ ಆಗಲೇ ತಿಳಿದುಕೊಳ್ಳಿ. ಟ್ಯಾಂಕರಿನ ಸರಕಾದ ಕಚ್ಚಾತೈಲವಾದರೆ ಮಾಲೀಕನ ವಿಮೆ ಮೀರಿದ ನಷ್ಟಕ್ಕೆ 1992ರ ಅಂತರರಾಷ್ಟ್ರೀಯ ಪರಿಹಾರ ನಿಧಿ ಇದೆ. ಕಂಟೇನರ್ ಹಡಗಿನ ಇಂಧನವಾದರೆ ಆ ನಿಧಿ ಒದಗದು, ಮಾಲೀಕ ಮತ್ತು ಅವನ ವಿಮೆಯೇ ಗತಿ.

ಮುಳುಗಿದ ಹಡಗಿನಿಂದ ದುಡ್ಡು ಹುಟ್ಟದು. ಹಾಗಾಗಿ ಅದೇ ಮಾಲೀಕನ ಇನ್ನೊಂದು ಹಡಗನ್ನು ಹಿಡಿಯಬೇಕು. 2025ರ ಮೇ ತಿಂಗಳಲ್ಲಿ ಕೊಚ್ಚಿ ಬಳಿ ಎಂಎಸ್‌ಸಿ ಎಲ್ಸಾ 3 ಮುಳುಗಿದ ಮೇಲೆ ಕೇರಳ ಸರ್ಕಾರ 9,531 ಕೋಟಿ ರೂಪಾಯಿ ಕೇಳಿ ದಾವೆ ಹೂಡಿತು. ಕೇರಳ ಹೈಕೋರ್ಟ್ ವಿಳಿಞ್ಞಂ ಬಂದರಿನಲ್ಲಿದ್ದ ಎಂಎಸ್‌ಸಿ ಅಕಿಟೇಟಾ 2 ಹಡಗನ್ನು ತಡೆಹಿಡಿಯಲು ಆದೇಶಿಸಿತು. ಹಡಗುಗಳ ಮೇಲಿನ ದಾವೆಗಳಿಗಾಗಿ ಇರುವ 2017ರ ಅಡ್ಮಿರಾಲ್ಟಿ ಕಾಯ್ದೆ ಇದೇ ಅಧಿಕಾರವನ್ನು ಕರ್ನಾಟಕ ಹೈಕೋರ್ಟಿಗೂ ಕೊಟ್ಟಿದೆ, ಆದರೆ ಹಡಗು ನಮ್ಮ ರಾಜ್ಯದ ನೀರಿನಲ್ಲಿ, ಅಂದರೆ ನವಮಂಗಳೂರಿನಂಥ ಬಂದರಿನಲ್ಲಿ, ಇರಬೇಕು. ಸರಕು ಇಳಿಸಿ ಹೊರಟರೆ ಕೈತಪ್ಪಿತು. ಫ್ರೀಡಂ ಪಾರ್ಕಿನಲ್ಲಿ ಸೇರುವವರು ‘ಕಡಲು ಉಳಿಸಿ’ ಎಂದು ಬರೆಯುವ ಬದಲು ‘ಅಡ್ವೊಕೇಟ್ ಜನರಲ್ (ಸರ್ಕಾರದ ಮುಖ್ಯ ವಕೀಲರು) ಇವತ್ತೇ ದಾವೆ ಹೂಡಲಿ’ ಎಂದು ಬರೆಯಲಿ. ಸಿಟ್ಟಿಗೆ ಅಷ್ಟು ಖಚಿತವಾದ ಬೇಡಿಕೆ ಇರದಿದ್ದರೆ ಮಂತ್ರಿಗಳು ಮನವಿಪತ್ರ ತೆಗೆದುಕೊಂಡು ಕೈಮುಗಿದು ಕಳಿಸುತ್ತಾರೆ.

ಸಾಕ್ಷ್ಯವನ್ನು ಊರಿನವರೇ ಕೂಡಿಸಬೇಕು. ಹೇಗೆಂದು ಅವರಿಗೆ ಮೊದಲ ದಿನವೇ ಹೇಳಿ. ಲೊಕೇಶನ್ ಆನ್ ಇಟ್ಟು, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು, ಉಬ್ಬರದ ಗೆರೆ ಕಾಣುವಂತೆ ಫೋಟೊ ತೆಗೆಯಲಿ. ಅದನ್ನು ವಾಟ್ಸಾಪಿನಲ್ಲಿ ಫೋಟೊವಾಗಿ ಕಳಿಸಿದರೆ ಚಿತ್ರ ಕುಗ್ಗಿ ಒಳಗಿನ ದಿನಾಂಕ, ಜಾಗದ ಮಾಹಿತಿ ಅಳಿಸಿಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಲಿ, ಮೂಲ ಫೈಲು ಫೋನಿನಲ್ಲೇ ಉಳಿಯಲಿ. ನ್ಯಾಯಾಲಯಕ್ಕೆ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು. ಎಣ್ಣೆಯ ಮಾದರಿಗೆ ಅಗಲ ಬಾಯಿಯ ಗಾಜಿನ ಬಾಟಲಿ, ಮುಚ್ಚಳದ ಕೆಳಗೆ ಅಲ್ಯೂಮಿನಿಯಂ ಹಾಳೆ. ಪ್ಲಾಸ್ಟಿಕ್ಕಿನ ರಾಸಾಯನಿಕ ಎಣ್ಣೆಗೆ ಸೇರಿಕೊಂಡು ಪರೀಕ್ಷೆ ಕೆಡುತ್ತದೆ. ಗ್ಲೌಸ್ ಹಾಕಿ ತೆಗೆದು, ಕತ್ತಲಲ್ಲಿ ತಂಪಾಗಿ ಇಡಬೇಕು. ಖಾಸಗಿಯವರ ಮಾದರಿಯನ್ನು ಎದುರಾಳಿ ವಕೀಲರು ಸುಲಭವಾಗಿ ತಳ್ಳಿಹಾಕುತ್ತಾರೆ. ಅದಕ್ಕೇ ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಿಯೇ ಬಂದು ಪಂಚರ ಎದುರು ಮಾದರಿ ತೆಗೆಯಲಿ ಎಂದು ಲಿಖಿತವಾಗಿ ಕೇಳಿ, ಸ್ವೀಕೃತಿ ಪಡೆಯಿರಿ.

ಚರ್ಚ್ ಸ್ಟ್ರೀಟಿನ ಪರಿಸರ ಭವನದಲ್ಲಿರುವ ಆ ಮಂಡಳಿಗೆ ಆರ್‌ಟಿಐ ಹಾಕುವಾಗ ರಾಜ್ಯದ ನಿಯಮ ನೆನಪಿರಲಿ: ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ, 10 ರೂಪಾಯಿ ಶುಲ್ಕ. ‘ಏಕೆ ತಡವಾಯಿತು’ ಎಂದು ಕೇಳಿದರೆ ಉತ್ತರ ಬರದು. ಮಾದರಿ ವರದಿಯ ಪ್ರತಿ ಕೇಳಿ. ಹಡಗಿನ ವಿಮಾ ಪ್ರಮಾಣಪತ್ರದ ಪ್ರತಿಯನ್ನು ನೌಕಾಯಾನ ಮಹಾನಿರ್ದೇಶನಾಲಯದಿಂದ, ಚೆಲ್ಲಿದ ಎಣ್ಣೆಯ ಅಂದಾಜು ಮತ್ತು ಅದನ್ನು ಚದುರಿಸಲು ಸಿಂಪಡಿಸಿದ ರಾಸಾಯನಿಕದ ಪ್ರಮಾಣವನ್ನು ಕೋಸ್ಟ್ ಗಾರ್ಡ್‌ನಿಂದ ಕೇಳಬೇಕು. 30 ದಿನದಲ್ಲಿ ಉತ್ತರ ಬಾರದಿದ್ದರೆ, ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ.

ಹಸಿರು ನ್ಯಾಯಮಂಡಳಿಯ ನಮ್ಮ ಪೀಠ ಚೆನ್ನೈಯಲ್ಲಿದೆ, ಇಲ್ಲಿಂದಲೇ ಇ-ಫೈಲಿಂಗ್ ಮಾಡಬಹುದು. ಆ ನ್ಯಾಯಮಂಡಳಿಯ ಕಾಯ್ದೆಯ 14ನೇ ಕಲಮಿನಡಿ ಪರಿಸರ ವಿವಾದದ ಅರ್ಜಿ ಹಾಕಲು ಆರು ತಿಂಗಳ ಗಡುವು, 15ರಡಿ ಪರಿಹಾರ ಮತ್ತು ಪುನಶ್ಚೇತನ ಕೇಳಲು ಐದು ವರ್ಷ. ಹಲವರು ಸರ್ಕಾರವನ್ನು ಮಾತ್ರ ಎದುರುದಾರ ಮಾಡಿ ಮಾಲೀಕನನ್ನು ಬಿಟ್ಟುಬಿಡುತ್ತಾರೆ. 2011ರಲ್ಲಿ ಮುಂಬೈ ಬಳಿ ಎಂವಿ ರಾಕ್ ಮುಳುಗಿದ ಪ್ರಕರಣದಲ್ಲಿ ಒಬ್ಬ ನಾಗರಿಕರ ಅರ್ಜಿ ಹಡಗಿನ ಕಂಪನಿಗಳನ್ನೂ ಕಟಕಟೆಗೆ ತಂದಿತು. 2016ರಲ್ಲಿ 100 ಕೋಟಿ ರೂಪಾಯಿ ಪರಿಹಾರದ ಆದೇಶ ಬಂತು.

ಮೀನುಗಾರರ ನಷ್ಟದ ಲೆಕ್ಕ ಬೇರೆಯೇ ಕಟ್ಟಬೇಕು. ಮೂರು ವರ್ಷದ ಹರಾಜು ಚೀಟಿ, ಡೀಸೆಲ್ ಮತ್ತು ಐಸ್ ಬಿಲ್ಲು ಸ್ಕ್ಯಾನ್ ಮಾಡಿ ತಿಂಗಳವಾರು ಜೋಡಿಸಿಕೊಡುವ ಕೆಲಸವನ್ನು ಇಲ್ಲಿ ಕೂತೇ ಮಾಡಬಹುದು. ಎಣ್ಣೆ ಹಿಡಿದ ಬಲೆಯನ್ನು ಸುಡದೆ ಒಂದು ತುಂಡು ಎತ್ತಿಡಲಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಆ ದಿನಗಳನ್ನು ಟ್ರಾಲ್ ಬೋಟಿನ ನಷ್ಟಕ್ಕೆ ಸೇರಿಸಿದರೆ ವಿಮೆಯವರು ಇಡೀ ಲೆಕ್ಕವನ್ನೇ ಅನುಮಾನಿಸುತ್ತಾರೆ. ನಾಡದೋಣಿಯವರಿಗೆ ಆ ಎರಡು ತಿಂಗಳೇ ದುಡಿಮೆಯ ಕಾಲ, ಅವರದನ್ನು ಪ್ರತ್ಯೇಕ ಪಟ್ಟಿಯಲ್ಲಿ ತೋರಿಸಿ.