ಲೇತ್ ಬಿಚ್ಚಿ ಜೋಡಿಸಿದ ಮೇಲೂ ಟೇಪರ್ ಬರುತ್ತಿದ್ದರೆ

ಕಲಬುರಗಿಯ ನಮ್ಮ ಮನೆಯ ಶೆಡ್ಡಿನಲ್ಲಿ ಹಳೆಯ ಸಣ್ಣ ಲೇತನ್ನು ಪೂರ್ತಿ ಬಿಚ್ಚಿ ತೊಳೆದು ಜೋಡಿಸಿದೆ. 25 ಮಿ.ಮೀ. ರಾಡನ್ನು ಚಕ್ಕಿನಲ್ಲಷ್ಟೇ (ರಾಡಿನ ಒಂದು ತುದಿ ಕಚ್ಚಿ ತಿರುಗಿಸುವ ಹಿಡಿ) ಹಿಡಿದು ಟರ್ನ್ ಮಾಡಿದರೆ 100 ಮಿ.ಮೀ. ಉದ್ದಕ್ಕೆ ಹೊರತುದಿ 0.06 ಮಿ.ಮೀ. ಹೆಚ್ಚು ದಪ್ಪ ಉಳಿಯುತ್ತಿತ್ತು. ಟೇಪರ್ ಎಂದರೆ ಇದೇ.

ಟೂಲ್ ಮಸೆದೆ, ಟೂಲನ್ನು ರಾಡಿನತ್ತ ಸರಿಸುವ ಕ್ರಾಸ್ ಸ್ಲೈಡಿನ ಗಿಬ್ (ಸಡಿಲು ತೆಗೆಯುವ ಪಟ್ಟಿ) ಬಿಗಿ ಮಾಡಿದೆ, ಸ್ಪಿಂಡಲ್ ಬೇರಿಂಗಿನ ಸಡಿಲು ತೆಗೆದೆ. ಮೈ ನುಣುಪಾಯಿತು, ಟೇಪರ್ ಹೋಗಲಿಲ್ಲ. ಟೇಲ್‌ಸ್ಟಾಕ್ (ರಾಡಿನ ಹೊರತುದಿಗೆ ಸೆಂಟರ್ ಎಂಬ ಮೊನೆಯಿಂದ ಆಸರೆ ಕೊಡುವ ಭಾಗ) ಸರಿಸಿ ಎನ್ನುವವರು ಬಹಳ. ರಾಡಿಗೆ ಸೆಂಟರ್ ಕೊಡದಿದ್ದಾಗ ಅದಕ್ಕೂ ಈ ಟೇಪರಿಗೂ ಸಂಬಂಧವೇ ಇಲ್ಲ.

ದೋಷ ಇದ್ದದ್ದು ಬೆಡ್ಡಿನ, ಅಂದರೆ ಲೇತಿನ ಉದ್ದನೆಯ ತಳಭಾಗದ, ತಿರುಚಿನಲ್ಲಿ. ನೆಲಕ್ಕೆ ಹಾಸಿದ್ದು ಶಹಾಬಾದಿ ಕಲ್ಲು. ಸಮವಿಲ್ಲದ ಕಲ್ಲಿನ ಮೇಲೆ ಬೋಲ್ಟ್ ಬಿಗಿದರೆ ಬೀಡು ಕಬ್ಬಿಣದ ಬೆಡ್ ಕೂಡ ತಿರುಚಿಕೊಳ್ಳುತ್ತದೆ.

ನಾಲ್ಕೂ ಬೋಲ್ಟ್ ಸಡಿಲಿಸಿ ಪಾದಗಳಡಿ ಫೀಲರ್ ಗೇಜ್ (ಸಂದು ಅಳೆಯುವ ತೆಳು ಎಲೆಗಳ ಗೊಂಚಲು) ತೂರಿಸಿದೆ. ಟೇಲ್‌ಸ್ಟಾಕ್ ಕಡೆಯ ಮುಂದಿನ ಪಾದದಡಿ 0.15 ಮಿ.ಮೀ. ಎಲೆ ಸಲೀಸಾಗಿ ಹೋಯಿತು. ಅಷ್ಟೇ ದಪ್ಪದ ಹಿತ್ತಾಳೆ ಶಿಮ್ (ಸಂದು ತುಂಬುವ ತೆಳು ತಗಡು) ಇಟ್ಟು, ಮೊದಲು ಹೆಡ್‌ಸ್ಟಾಕ್ (ಚಕ್ ಇರುವ ತುದಿ) ಕಡೆಯ ಬೋಲ್ಟ್, ಆಮೇಲೆ ಟೇಲ್‌ಸ್ಟಾಕ್ ಕಡೆಯವನ್ನು ಸ್ವಲ್ಪಸ್ವಲ್ಪವಾಗಿ ಬಿಗಿದೆ.

ಪರೀಕ್ಷೆಗೆ ರಾಡಿನ ನಡುಭಾಗ ತಗ್ಗಿಸಿ, ಎರಡೂ ತುದಿಗೆ 15 ಮಿ.ಮೀ. ಅಗಲದ ಪಟ್ಟಿ ಉಳಿಸಿಕೊಳ್ಳಿ. ಕ್ರಾಸ್ ಸ್ಲೈಡ್ ಮುಟ್ಟದೆ ಎರಡರ ಮೇಲೂ ಒಂದೇ ಓಟಕ್ಕೆ 0.1 ಮಿ.ಮೀ. ಕಟ್ ಕೊಡಿ. ರಾಡ್ ಪೂರ್ತಿ ತಣ್ಣಗಾದ ಮೇಲೆಯೇ ಮೈಕ್ರೋಮೀಟರ್ ಹಿಡಿಯಬೇಕು. ನಮ್ಮೂರ ಬೇಸಿಗೆಯಲ್ಲಿ ಇದಕ್ಕೆ ಹೊತ್ತು ಹಿಡಿಯುತ್ತದೆ. ಹೊರಪಟ್ಟಿ ಇನ್ನೂ ದಪ್ಪವಿದ್ದರೆ ಅದೇ ಪಾದಕ್ಕೆ 0.05 ಶಿಮ್ ಸೇರಿಸಿ, ತೆಳುವಾಗಿದ್ದರೆ ಅಷ್ಟನ್ನು ತೆಗೆಯಿರಿ. ನನಗೆ ಒಟ್ಟು 0.2ಕ್ಕೆ ವ್ಯತ್ಯಾಸ 0.01ರೊಳಗೆ ಬಂತು.

ಎರೆಮಣ್ಣಿನ ನೆಲ ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುತ್ತದೆ. ಮೊದಲ ಮಳೆ ಹಿಡಿದ ಮೇಲೆ ಇದೇ ಎರಡು ಪಟ್ಟಿಯ ಪರೀಕ್ಷೆಯನ್ನು ಮತ್ತೆ ಮಾಡಿ.