ಕಲ್ಯಾಣದ ಮುತ್ತಿಗೆಗೆ ಒಂದು ದಿನಪಟ್ಟಿ ಕಟ್ಟಿದ ಬಗೆ

ಬಸವಕಲ್ಯಾಣದ ಪ್ರೌಢಶಾಲೆಯೊಂದರಲ್ಲಿ ಇತಿಹಾಸ ಕಲಿಸುವ ನಾನು, 1657ರಲ್ಲಿ ನಮ್ಮೂರ ಕೋಟೆಗೆ ಮೊಗಲರು ಹಾಕಿದ ಮುತ್ತಿಗೆಯ ದಿನಪಟ್ಟಿಯೊಂದನ್ನು ಸಿದ್ಧಪಡಿಸಲು ಎರಡು ವರ್ಷ ತೆಗೆದುಕೊಂಡೆ. ಕಲ್ಯಾಣವೆಂದರೆ ಚಾಲುಕ್ಯರ ರಾಜಧಾನಿ, ಬಸವಾದಿ ಶರಣರ ನೆಲ ಎಂಬುದನ್ನು ನಮ್ಮ ಮಕ್ಕಳು ತೊಟ್ಟಿಲಿನಿಂದಲೇ ಕೇಳುತ್ತ ಬೆಳೆಯುತ್ತಾರೆ. ಆದರೆ ಅದರ ನಂತರದ ಶತಮಾನಗಳಲ್ಲಿ ಇದು ಗಡಿಯ ಊರಾಗಿತ್ತು, ಬಿಜಾಪುರ ಮತ್ತು ಅಹಮದ್‌ನಗರದ ಸುಲ್ತಾನರು ಸೊಲ್ಲಾಪುರಕ್ಕಾಗಿ ಕಾದಾಡಿದಂತೆ ಕಲ್ಯಾಣಕ್ಕಾಗಿಯೂ ಮತ್ತೆ ಮತ್ತೆ ಕಾದಾಡಿದರು, ಕೊನೆಗೆ ದೆಹಲಿಯ ಸೈನ್ಯವೂ ಇದೇ ಗೋಡೆಯ ಕೆಳಗೆ ಬಂದು ನಿಂತಿತು ಎಂಬುದು ಪಾಠದಲ್ಲಿ ಒಂದು ಸಾಲನ್ನೂ ಮೀರುವುದಿಲ್ಲ. ಆ ಒಂದು ಸಾಲನ್ನು ಬಿಡಿಸಿ ನೋಡಬೇಕೆಂಬ ಆಸೆಯಿಂದ ಕೆಲಸ ಆರಂಭವಾಯಿತು.

ಮುಖ್ಯ ಘಟನೆಗಳು ಹೀಗಿವೆ (ತಾರೀಖುಗಳು ಇಂಗ್ಲಿಷ್ ಇತಿಹಾಸಗಳಲ್ಲಿರುವಂತೆ, ಹಳೆಯ ಲೆಕ್ಕದವು). 1656ರ ನವೆಂಬರಿನಲ್ಲಿ ಬಿಜಾಪುರದ ಮುಹಮ್ಮದ್ ಆದಿಲ್‌ಶಾಹ ತೀರಿಕೊಂಡ. ದಖ್ಖನಿನ ಸುಭೇದಾರನಾಗಿದ್ದ ಔರಂಗಜೇಬನು ಅದನ್ನೇ ಅವಕಾಶವೆಂದು ತಿಳಿದು, ಮೊಗಲ್ ಸರದಾರ ಮೀರ್ ಜುಮ್ಲಾನೊಡನೆ 1657ರ ಮಾರ್ಚ್ ಆರಂಭದಲ್ಲಿ ಬೀದರ ಕೋಟೆಯನ್ನು ಮುತ್ತಿದ. ಬಿಜಾಪುರದ ಪರವಾಗಿ ಕೋಟೆ ಕಾಯುತ್ತಿದ್ದ ಸಿದ್ದಿ ಮರ್ಜಾನ್ ಇಪ್ಪತ್ತೇಳು ದಿನ ತಡೆದು ನಿಂತ. ಮಾರ್ಚ್ 29ರಂದು ಬುರುಜಿನ ಹಿಂದೆ ಇಟ್ಟಿದ್ದ ಮದ್ದಿಗೆ ಕಿಡಿ ಬಿದ್ದು ಸಿಡಿದಾಗ ಅವನೂ ಅವನ ಇಬ್ಬರು ಮಕ್ಕಳೂ ಸುಟ್ಟುಹೋಗುವಷ್ಟು ಗಾಯಗೊಂಡರು. ಕೋಟೆ ಬಿತ್ತು, ಅವನೂ ಉಳಿಯಲಿಲ್ಲ. ಬೀದರಿಗೆ ಜಫರಾಬಾದ್ ಎಂಬ ಹೊಸ ಹೆಸರು ಬಂತು. ಏಪ್ರಿಲ್ ಕೊನೆಗೆ ಅದೇ ಸೈನ್ಯ ಪಶ್ಚಿಮಕ್ಕೆ ತಿರುಗಿ ಮೇ ಮೊದಲ ವಾರದಲ್ಲಿ ಕಲ್ಯಾಣಕ್ಕೆ ಬಂತು. ಇಲ್ಲಿ ಬಿಜಾಪುರದ ಪರವಾಗಿ ಕೋಟೆ ಕಾಯುತ್ತಿದ್ದ ದಿಲಾವರ್ ಖಾನನು ಸುಮಾರು ಮೂರು ತಿಂಗಳು ಹಿಡಿದು ನಿಂತು, ಜುಲೈ 29ರಂದು ಸೋಲೊಪ್ಪಿ, ಆಗಸ್ಟ್ 1ಕ್ಕೆ ಕೀಲಿಗಳನ್ನು ಕೊಟ್ಟ.

ನನ್ನ ಮೊದಲ ಪಟ್ಟಿ ತಪ್ಪಾಗಿತ್ತು, ಅದು ನಮ್ಮ ಶಾಲೆಯ ವಾರ್ಷಿಕ ಸಂಚಿಕೆಯಲ್ಲಿ ಅಚ್ಚೂ ಆಯಿತು. ಮುತ್ತಿಗೆಯ ಆರಂಭವನ್ನು ನಾನು ಹಿಜರಿ ತಾರೀಖಿನಿಂದ ಇಂದಿನ ಲೆಕ್ಕಕ್ಕೆ ತಿರುಗಿಸಿ ಬರೆದಿದ್ದೆ. ಕೊನೆಯನ್ನು ಮಾತ್ರ ಇಂಗ್ಲಿಷ್ ಇತಿಹಾಸವೊಂದರಿಂದ ಹಾಗೆಯೇ ಎತ್ತಿಕೊಂಡಿದ್ದೆ. ಆ ಸಂಚಿಕೆಯನ್ನು ಓದಿದ, ಫಾರಸಿ ಬಲ್ಲ ನಮ್ಮೂರಿನ ಹಿರಿಯ ಮೌಲಾನಾ ಒಬ್ಬರು ಮನೆಗೆ ಕರೆಸಿ, ಚಹಾ ಕೊಟ್ಟು, ಮೆಲ್ಲಗೆ ಕೇಳಿದರು: “ಗುರುಜಿ, ನಿಮ್ಮ ಲೆಕ್ಕದಾಗ ಹತ್ತು ದಿನ ಎಲ್ಲಿ ಹೋದ್ವು?”

ಉತ್ತರವನ್ನೂ ಅವರೇ ತೋರಿಸಿಕೊಟ್ಟರು. ಶಾಹಜಹಾನನು ಹಾಸಿಗೆ ಹಿಡಿದ ದಿನ ಹಿಜರಿ 1067ರ ಜಿಲ್‌ಹಿಜ್ಜ 7. ಇಂಗ್ಲಿಷ್ ಪುಸ್ತಕಗಳಲ್ಲಿ ಅದು 1657ರ ಸೆಪ್ಟೆಂಬರ್ 6 ಎಂದಿದೆ. ಇಂದಿನ ಕ್ಯಾಲೆಂಡರಿನ ಲೆಕ್ಕಕ್ಕೆ ತಂದರೆ ಸೆಪ್ಟೆಂಬರ್ 16 ಆಗುತ್ತದೆ. ಆ ಕಾಲದ ಇಂಗ್ಲೆಂಡಿನಲ್ಲಿ ಹಳೆಯ ಜೂಲಿಯನ್ ಲೆಕ್ಕವೇ ನಡೆಯುತ್ತಿತ್ತು, ಅದು ಇಂದಿನ ಗ್ರೆಗೋರಿಯನ್ ಲೆಕ್ಕಕ್ಕಿಂತ ಹತ್ತು ದಿನ ಹಿಂದಿತ್ತು, ಅದನ್ನೇ ಹಲವು ಇತಿಹಾಸಕಾರರು ಉಳಿಸಿಕೊಂಡಿದ್ದಾರೆ. ಮುಹಮ್ಮದ್ ಆದಿಲ್‌ಶಾಹನ ಮರಣವನ್ನೂ ಹೀಗೆಯೇ ಒರೆಗೆ ಹಚ್ಚಿ ನೋಡಿದೆವು, ಅಲ್ಲಿಯೂ ಹತ್ತೇ ದಿನದ ಅಂತರ. ನಮ್ಮ ಜಿಲ್ಲೆಯ ಇತಿಹಾಸ ಬರೆಯುವ ಎಳೆಯರಿಗೆ ನಾನು ಮೊದಲು ಹೇಳುವ ಮಾತು ಇದೇ: ಇಂಗ್ಲೆಂಡು ಹೊಸ ಲೆಕ್ಕಕ್ಕೆ ಬಂದ 1752ಕ್ಕಿಂತ ಹಿಂದಿನ ತಾರೀಖನ್ನು ಯಾವ ಪುಸ್ತಕದಿಂದ ತೆಗೆದುಕೊಂಡರೂ ಅದು ಯಾವ ಲೆಕ್ಕದ್ದೆಂದು ಕೇಳದೆ ಇನ್ನೊಂದು ಪುಸ್ತಕದ ತಾರೀಖಿನ ಪಕ್ಕ ಇಡಬಾರದು. ಹಿಜರಿ ದಿನ ಸಂಜೆಯಿಂದ ಆರಂಭವಾಗುವುದರಿಂದಲೂ ತಿಂಗಳು ಚಂದ್ರದರ್ಶನವನ್ನು ನಂಬಿರುವುದರಿಂದಲೂ ಒಂದು ದಿನದ ಹೆಚ್ಚುಕಡಿಮೆಯನ್ನು ಬಿಟ್ಟೇ ಲೆಕ್ಕ ಮಾಡಬೇಕು.

ತಪ್ಪು ತಿದ್ದಿದ ಮೇಲೆ ದೊಡ್ಡ ಹಾಳೆಯ ಮೇಲೆ ನಾಲ್ಕು ಅಂಕಣ ಎಳೆದೆ: ಹಿಜರಿ, ಹಳೆಯ ಇಂಗ್ಲಿಷ್ ತಾರೀಖು, ಇಂದಿನ ತಾರೀಖು, ನಮ್ಮ ಪಂಚಾಂಗ. ನಾಲ್ಕನೆಯ ಅಂಕಣವನ್ನು ಬರೀ ಅಕ್ಕರೆಯಿಂದ ಸೇರಿಸಿದ್ದೆ. ಮುತ್ತಿಗೆ ಅರ್ಥವಾದದ್ದು ಅದರಿಂದಲೇ. ಶಾಲಿವಾಹನ ಶಕ 1579, ಹೇವಿಳಂಬಿ ಸಂವತ್ಸರ. ಬೀದರ ಮುತ್ತಿಗೆಯ ಮೊದಲ ವಾರದಲ್ಲೇ ಯುಗಾದಿ ಬಂದಿದೆ. ಮಳೆ ನಕ್ಷತ್ರಗಳನ್ನು ಬರೆಯುವಾಗ ಇನ್ನೊಂದು ಎಚ್ಚರ ಬೇಕಾಯಿತು. ಸೂರ್ಯನ ನಕ್ಷತ್ರಪ್ರವೇಶವು ಸುಮಾರು ಎಪ್ಪತ್ತು ವರ್ಷಕ್ಕೊಂದು ದಿನದಂತೆ ಮುಂದೆ ಸರಿಯುವುದರಿಂದ, ಇಂದು ಜೂನ್ 7ರ ಆಸುಪಾಸಿನಲ್ಲಿ ಕೂಡುವ ಮಿರಗ (ಮೃಗಶಿರ) ಅಂದು ಸುಮಾರು ಐದು ದಿನ ಮೊದಲೇ ಕೂಡುತ್ತಿತ್ತು. ಇದನ್ನೆಲ್ಲ ಹೊಂದಿಸಿ ನೋಡಿದರೆ ಕೃತ್ತಿಕೆಯಲ್ಲಿ ಆರಂಭವಾದ ಕಲ್ಯಾಣದ ಮುತ್ತಿಗೆ ರೋಹಿಣಿ, ಮಿರಗ, ಆರಿದ್ರ, ಪುನರ್ವಸು, ಪುಷ್ಯ ದಾಟಿ ಆಶ್ಲೇಷ ಮಳೆಯಲ್ಲಿ ಮುಗಿದಿತ್ತು. ಬೀದರಿಗೆ ಇಪ್ಪತ್ತೇಳು ದಿನ ಸಾಕಾದದ್ದು ಕಲ್ಯಾಣಕ್ಕೆ ಮೂರು ತಿಂಗಳು ಏಕೆ ಬೇಕಾಯಿತು ಎಂಬ ಪ್ರಶ್ನೆಗೆ ಉತ್ತರದ ಒಂದು ಭಾಗ ಇಲ್ಲಿದೆ ಎಂದು ನನಗೆ ಅನಿಸಿತು. ಅಲ್ಲಿ ಬೇಸಿಗೆಯ ಒಣ ನೆಲ, ಅದರ ಮೇಲೆ ಮದ್ದು ಸಿಡಿದ ಅನಾಹುತ. ಇಲ್ಲಿ ಅಂಥ ಅನಾಹುತ ಆಗಲಿಲ್ಲ, ಮುತ್ತಿಗೆಯ ಹೆಚ್ಚಿನ ದಿನಗಳು ಮಳೆಗಾಲಕ್ಕೆ ಸಿಕ್ಕಿದವು.

ಅನಿಸಿದ್ದನ್ನು ನೆಲದ ಮೇಲೆ ನೋಡಬೇಕೆಂದು ಮರುವರ್ಷ ಮೇ ತಿಂಗಳಿನಿಂದ ಆಗಸ್ಟ್ ತನಕ ವಾರಕ್ಕೊಮ್ಮೆ ಕೋಟೆಯ ಸುತ್ತ ನಡೆದೆ. ಹೊರಗಿನ ಹೊಲದಲ್ಲಿ ಬಂಡಿಗೆ ಎತ್ತು ಕಟ್ಟುತ್ತಿದ್ದ ಮುದುಕರೊಬ್ಬರನ್ನು, ಈ ನೆಲದಲ್ಲಿ ತೋಪು (ಫಿರಂಗಿ) ಎಳೆಯಬಹುದಿತ್ತೇ ಎಂದು ಕೇಳಿದೆ. “ಮಿರಗ ಹತ್ತಿದ ಮ್ಯಾಲ ಈ ಎರಿ ಹೊಲದಾಗ ಖಾಲಿ ಬಂಡಿನೇ ನಡಿಯಂಗಿಲ್ರಿ ಸರ, ಗಾಲಿಗಿ ಮಣ್ಣು ಹತ್ತಿ ಎತ್ತು ಕುಂತ ಬಿಡ್ತಾವ,” ಎಂದು ಅವರು ಗಾಲಿಯ ಹಳಿಗೆ ಅಂಟಿದ್ದ ಹಳೆಯ ಮಣ್ಣಿನ ಹೆಂಟೆಯನ್ನು ಕುಡಗೋಲಿನ ಹಿಡಿಯಿಂದ ಒಡೆದು ತೋರಿಸಿದರು. ಅದು ಕಲ್ಲಿನಂತೆ ಗಟ್ಟಿಯಾಗಿತ್ತು, ಒಳಗೆ ತೊಗರಿಯ ಕೂಳೆಯ ಚೂರು ಸಿಕ್ಕಿಕೊಂಡಿತ್ತು.

ಕಂದಕದ ಸಂಗತಿಯೂ ಆ ಮೇಲೆ ಬೇರೆಯಾಗಿ ಕಂಡಿತು. ಮುತ್ತಿದವರು ಮೊದಲು ಕಂದಕವನ್ನು ಒಣಗಿದ ಗಿಡಗಂಟಿಗಳಿಂದ ತುಂಬಿದರು, ಒಳಗಿನವರು ಮೇಲಿನಿಂದ ಎಣ್ಣೆ ಹೊತ್ತಿಸಿದ ಹುಲ್ಲನ್ನು ಎಸೆದು ಅದನ್ನು ಸುಟ್ಟರು, ಆದ್ದರಿಂದ ಕಲ್ಲು ಮಣ್ಣಿನಿಂದಲೇ ತುಂಬಬೇಕಾಯಿತು ಎಂದು ಇತಿಹಾಸ ಹೇಳುತ್ತದೆ. ಒದ್ದೆ ಎರೆಮಣ್ಣನ್ನು ಬುಟ್ಟಿಯಲ್ಲಿ ಹೊತ್ತು, ಗೋಡೆಯ ಮೇಲಿನಿಂದ ಗುಂಡು ಬೀಳುತ್ತಿರುವಾಗ, ಆ ತಗ್ಗಿಗೆ ಸುರಿದವರು ಯಾರು? ಸರದಾರರಲ್ಲ, ಮಣ್ಣು ಅಗೆಯುವ ಬೇಲದಾರರು ಮತ್ತು ಕೂಲಿಗಳು. ಅವರ ಹೆಸರುಗಳು ನಮಗೆ ಬಂದಿಲ್ಲ. ಹತ್ತಿರದಲ್ಲೇ ಬೀಡುಬಿಟ್ಟಿದ್ದ ಬಿಜಾಪುರದ ಸೈನ್ಯ ಮೇವು, ದವಸ ತರುವ ದಾರಿಗಳನ್ನು ಕಡಿಯುತ್ತಿತ್ತು. ಮೇವಿಗೆ ಹೋದ ಮೊಗಲ್ ತುಕಡಿಗಳಿಗೆ ಮಹಾಬತ್ ಖಾನನು ಕಾವಲು ನಿಂತು ಕಾದಾಡಬೇಕಾಯಿತು. ಮುತ್ತಿದವರೂ ಒಂದು ಬಗೆಯಲ್ಲಿ ಮುತ್ತಿಗೆಯಲ್ಲೇ ಇದ್ದರು.

ಹಿಜರಿ ಅಂಕಣವೂ ಒಂದು ಸಂಗತಿ ಕೊಟ್ಟಿತು. ಆ ವರ್ಷದ ರಂಜಾನ್ ಇಂದಿನ ಲೆಕ್ಕದ ಜೂನ್ 13ರ ಸುಮಾರಿಗೆ ಆರಂಭವಾಗಿ ಜುಲೈ ಎರಡನೆಯ ವಾರದವರೆಗೆ ನಡೆದಿದೆ. ಗೋಡೆಯ ಎರಡೂ ಬದಿಗೆ ಉಪವಾಸ ಹಿಡಿಯುವವರಿದ್ದರು, ಎರಡೂ ಬದಿಗೆ ಒಂದೇ ಚಂದ್ರನನ್ನು ನೋಡಿ ಈದ್ ಬಂದಿತ್ತು. ಇದನ್ನು ಹೇಳಿದಾಗ ಮೌಲಾನಾ ಸಾಹೇಬರು ಬಹಳ ಹೊತ್ತು ಮಾತಾಡಲಿಲ್ಲ. ನಮ್ಮೂರಲ್ಲಿ ಈ ಯುದ್ಧವನ್ನು ಒಬ್ಬರ ಮೇಲೊಬ್ಬರು ಹೊರಿಸಲು ಬಳಸುವವರಿದ್ದಾರೆ. ಕೋಟೆ ಮುತ್ತಿದವನೂ ಮುಸಲ್ಮಾನ, ಕಾಯ್ದವನೂ ಮುಸಲ್ಮಾನ. ಜಗಳ ನೆಲದ್ದು, ಗಡಿಯದ್ದು. ಅದನ್ನು ಪಟ್ಟಿಯ ಮೇಲೆ ಬೆರಳಿಟ್ಟು ತೋರಿಸುವಂತಾದದ್ದು ನನಗೆ ಸಮಾಧಾನ ತಂದ ವಿಷಯ.

ದಿನದಿನದ ವಿವರ ನನಗೆ ಸಿಕ್ಕಿದ್ದೆಲ್ಲ ಮುತ್ತಿದವರ ಕಡೆಯದು: ಔರಂಗಜೇಬನು ಬೀಡಿನಿಂದ ಬರೆಸಿದ ಪತ್ರಗಳು, ದೆಹಲಿ ದರಬಾರಿನ ಇತಿಹಾಸಕಾರರ ಬರಹ. ಪೇಟೆಯ ಜನದ ಅಂಕಣಕ್ಕೆ ಬರೆಯಲು ನನ್ನಲ್ಲಿ ಒಂದು ಅಕ್ಷರವೂ ಇರಲಿಲ್ಲ. ಅದಕ್ಕೆ ಐದನೆಯ ಅಂಕಣ ಎಳೆದು, ಆ ಹೊತ್ತಿಗೆ ಹೊಲದಲ್ಲಿ ಆಗಬೇಕಾಗಿದ್ದ ಕೆಲಸವನ್ನು ಮಾತ್ರ ಪೆನ್ಸಿಲಿನಲ್ಲಿ ಬರೆದೆ. ಊಹೆಯೆಂದು ಮಕ್ಕಳಿಗೆ ತಿಳಿಯಲೆಂದೇ ಪೆನ್ಸಿಲು. ಮಿರಗದಲ್ಲಿ ಮುಂಗಾರಿಯ ಬಿತ್ತನೆ, ಪುನರ್ವಸುವಿನಲ್ಲಿ ಎಡೆ ಹೊಡೆಯುವುದು. ಎರಡು ಸೈನ್ಯಗಳ ಕುದುರೆ, ಎತ್ತು, ಆನೆಗಳು ಮೇಯುತ್ತಿದ್ದ ಕೋಟೆಯ ಸುತ್ತಲಿನ ಹೊಲಗಳಲ್ಲಿ ಆ ವರ್ಷ ಇವು ನಡೆದಿರಲಾರವು. ಪಟ್ಟಿಯನ್ನು ಕೀಲಿ ಕೊಟ್ಟ ದಿನಕ್ಕೆ ನಿಲ್ಲಿಸದೆ, ಶಾಹಜಹಾನನು ಕಾಯಿಲೆ ಬಿದ್ದ, ಔರಂಗಜೇಬನ ಕಣ್ಣು ಕಲ್ಯಾಣದಿಂದ ಸಿಂಹಾಸನದ ಕಡೆಗೆ ಹೊರಳಿದ ಸೆಪ್ಟೆಂಬರಿನವರೆಗೂ ಎಳೆದಿದ್ದೇನೆ. ಆ ಸಾಲಿನ ನಾಲ್ಕನೆಯ ಅಂಕಣದಲ್ಲಿ ಉತ್ತರಿ ಮಳೆ ಎಂದಿದೆ, ಐದನೆಯದರಲ್ಲಿ ಪೆನ್ಸಿಲಿನಿಂದ: ಹಿಂಗಾರಿ ಬಿಳಿಜೋಳಕ್ಕೆ ಹೊಲ ಹದ ಮಾಡುವುದು, ಬೀಜ ಉಳಿದಿದ್ದರೆ.