ಮೂರನೆಯ ಬಟ್ಟಲಿನವರೆಗೆ ಕುಳಿತಿರಿ: ಅಡಿಸ್ ಅಬಾಬಕ್ಕೆ ಪಾಠ ಹೇಳಲು ಬರುವವರಿಗೆ

ಇಥಿಯೋಪಿಯಾದ ರಾಜಧಾನಿ ಅಡಿಸ್ ಅಬಾಬಕ್ಕೆ ಅಧ್ಯಾಪಕರಾಗಿ ಬರುವ ನಮ್ಮವರಲ್ಲಿ ಹಲವರು ಸ್ಥಳೀಯ ಕುಟುಂಬವೊಂದರ 'ಗಿಬಿ'ಯಲ್ಲಿ, ಎಂದರೆ ಒಂದೇ ಗೇಟಿನೊಳಗಿನ ಆವರಣದಲ್ಲಿ, ಬಾಡಿಗೆಗೆ ಇರುತ್ತಾರೆ. ನಲ್ಲಿಯಲ್ಲಿ ನೀರು ನಿಂತ ದಿನ ಎರಡು ಕ್ಯಾನ್ ತುಂಬಿಸಿ ನಮ್ಮ ಬಾಗಿಲಿಗೆ ತಂದಿಡುವವರೂ, ಜ್ವರ ಬಂದ ರಾತ್ರಿ ಆಸ್ಪತ್ರೆಗೆ ಜೊತೆ ಬರುವವರೂ ಆ ಮನೆಯವರೇ. ಅವರ ಉಪಕಾರವನ್ನು ತೀರಿಸುವುದು ಹೇಗೆಂದು ಕೇಳುವ ಹೊಸಬರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಮಗೆ ಸಿಗುವ ಆದರವೆಲ್ಲ ನಾವು ಗಳಿಸಿದ್ದಲ್ಲ. ಹೈಲೆ ಸೆಲಾಸಿ ಚಕ್ರವರ್ತಿಯ ಕಾಲದಿಂದ ಭಾರತದ ಶಿಕ್ಷಕರು ಈ ದೇಶದ ಊರೂರಿನಲ್ಲಿ ಪಾಠ ಹೇಳಿದ್ದಾರೆ. ತಮಗೆ ಗಣಿತ ಕಲಿಸಿದ ಭಾರತೀಯ ಮೇಷ್ಟ್ರನ್ನು ನೆನೆಯುವ ಹಿರಿಯರು ಇಂದಿಗೂ ಸಿಗುತ್ತಾರೆ. ನಾವು ಅವರ ಹೆಸರಿನ ಬಡ್ಡಿಯಲ್ಲಿ ಬದುಕುತ್ತಿರುವವರು.

ಇಲ್ಲಿನ ಅಮ್ಹಾರಿಕ್ ಭಾಷೆಯಲ್ಲಿ 'ಅಮೆಸೆಗಿನಾಲೆಹು' ಎಂದರೆ ಧನ್ಯವಾದ. ಅಂಗಡಿಯಲ್ಲಿ ಅಷ್ಟು ಸಾಕು. ಮನೆಯ ಹಿರಿಯರಿಗೆ 'ಎಗ್ಜಿಆಬ್‌ಹೇರ್ ಯಿಸ್ತಿಲಿಞ್' ಎನ್ನಿ: ನನ್ನ ಪರವಾಗಿ ದೇವರು ನಿಮಗೆ ಕೊಡಲಿ ಎಂದು ಅದರ ಅರ್ಥ. 'ದೇವರು ಒಳ್ಳೇದು ಮಾಡಲಿ' ಎನ್ನುತ್ತಿದ್ದ ನಮ್ಮ ಅಜ್ಜಿಯರಿಗೆ ಇದನ್ನು ವಿವರಿಸಬೇಕಾಗಿರಲಿಲ್ಲ. ಹಿರಿಯ ಗಂಡಸರನ್ನು 'ಗಾಶೆ' ಎಂದು ಕರೆಯಿರಿ. ಏನನ್ನೇ ಕೊಡುವಾಗ ಬಲಗೈಯಲ್ಲಿ ಕೊಟ್ಟು, ಎಡಗೈಯನ್ನು ಬಲ ಮೊಣಕೈಗೆ ಆನಿಸಿ.

ಇಲ್ಲಿ ಕೃತಜ್ಞತೆಯನ್ನು ಅಳೆಯುವುದು ನೀವು ಕುಳಿತ ಹೊತ್ತಿನಿಂದ. ಕಾಫಿಗೆ ಕರೆದರೆಂದರೆ, ನೆಲಕ್ಕೆ ಹಸಿ ಹುಲ್ಲು ಹಾಸಿ, ಕಾಳನ್ನು ನಿಮ್ಮ ಎದುರಿಗೇ ಹುರಿದು, ಕುಟ್ಟಿ, 'ಜೆಬೆನಾ' ಎಂಬ ಮಣ್ಣಿನ ಹೂಜಿಯಲ್ಲಿ ಕುದಿಸಿ, ಅಬೋಲ್, ತೋನಾ, ಬರಕಾ ಎಂದು ಮೂರು ಸುತ್ತು ಬಡಿಸುತ್ತಾರೆ. ಬರಕಾ ಎಂದರೆ ಆಶೀರ್ವಾದ. ನಮ್ಮ ಫಿಲ್ಟರ್ ಕಾಫಿಯಂತೆ ನಿಂತೇ ಹೀರಿ ಹೊರಡುವವನು ಆಶೀರ್ವಾದವನ್ನು ಬಿಟ್ಟು ಎದ್ದಂತಾಗುತ್ತದೆ. ಊಟದಲ್ಲಿ ಮನೆಯಾಕೆ ದೋಸೆಯಂಥ ಹುಳಿ ರೊಟ್ಟಿಯಾದ ಇಂಜೆರಾದ ತುತ್ತನ್ನು ಸುತ್ತಿ ನಿಮ್ಮ ಬಾಯಿಗೇ ಇಟ್ಟರೆ ಅದು 'ಗುರ್ಷಾ'. ಎಂಜಲು, ಮಡಿ ಎಂದು ಹಿಂಜರಿಯದೆ ಬಾಯಿ ತೆರೆಯಿರಿ. ಸಸ್ಯಾಹಾರಿಗಳು ಬುಧವಾರ, ಶುಕ್ರವಾರಗಳ ಕರೆಯನ್ನು ಒಪ್ಪಿಕೊಳ್ಳುವುದು ಸುಲಭ, ಏಕೆಂದರೆ ಆರ್ಥೊಡಾಕ್ಸ್ ಕ್ರೈಸ್ತರು ಆ ಉಪವಾಸದ ದಿನಗಳಲ್ಲಿ ಮಾಂಸ, ಹಾಲು, ಬೆಣ್ಣೆ ಮುಟ್ಟುವುದಿಲ್ಲ, ಮತ್ತು ನಮ್ಮ ಝುಣಕವನ್ನು ನೆನಪಿಸುವ ಶಿರೊ ತಟ್ಟೆಗೆ ಬರುತ್ತದೆ.

ಗಂಟೆಯ ವಿಷಯದಲ್ಲಿ ಎಚ್ಚರವಿರಲಿ. ಇಲ್ಲಿನ ಎಣಿಕೆ ಬೆಳಗಿನ ಆರರಿಂದ ಆರಂಭವಾಗುವುದರಿಂದ 'ಒಂಬತ್ತಕ್ಕೆ ಬನ್ನಿ' ಎಂದರೆ ಮಧ್ಯಾಹ್ನ ಮೂರು; ನಾನು ಬೆಳಿಗ್ಗೆ ಒಂಬತ್ತಕ್ಕೇ ಹೋಗಿ, ಬಟ್ಟೆ ಒಗೆಯುತ್ತಿದ್ದ ಮನೆಯಾಕೆಯನ್ನು ಗಾಬರಿಗೊಳಿಸಿದ್ದೆ. ಉಡುಗೊರೆಗೆ ಒಂದು ಕಿಲೋ ಹಸಿ ಕಾಫಿ ಬೀಜ, ಸಕ್ಕರೆ ಸಾಕು. ಒಮ್ಮೆ ರಜೆಯಿಂದ ಮರಳುವಾಗ ತುಪ್ಪದ ಮೈಸೂರು ಪಾಕ್ ತಂದೆ. ಅದು ಈಸ್ಟರಿಗೆ ಮುಂಚಿನ 55 ದಿನಗಳ ಉಪವಾಸದ ಕಾಲವಾಗಿದ್ದರಿಂದ ಪೊಟ್ಟಣ ಹಬ್ಬದವರೆಗೂ ಕಪಾಟಿನಲ್ಲೇ ಉಳಿಯಿತು. ಮರುವರ್ಷ ಮೈಸೂರಿನ ಊದಿನಕಡ್ಡಿ ತಂದೆ. ಕಾಫಿಯ ಹೊತ್ತಿಗೆ ಧೂಪ ಹಾಕುವ ಮನೆಯಲ್ಲಿ ಅದು ಅಂದೇ ಬಳಕೆಗೆ ಬಂತು.

ನನ್ನ ದೊಡ್ಡ ತಪ್ಪು ಬೇರೆಯದು. ಮನೆಯಾಕೆಯ ಅಣ್ಣ ತೀರಿಕೊಂಡಾಗ, ದುಃಖದಲ್ಲಿರುವವರಿಗೆ ತೊಂದರೆ ಬೇಡವೆಂದುಕೊಂಡು ನಾನು ಲಕೋಟೆಯಲ್ಲಿ ಹಣ ಕಳಿಸಿ ಉತ್ತರಪತ್ರಿಕೆ ತಿದ್ದುತ್ತ ಕುಳಿತೆ. ಖರ್ಚು, ಶಾಮಿಯಾನ, ಅಡುಗೆಗಳನ್ನು ಪ್ರತಿ ತಿಂಗಳ ವಂತಿಗೆಯಿಂದ ನಡೆಯುವ ನೆರೆಹೊರೆಯವರ 'ಇದ್ದಿರ್' ಸಂಘ ನೋಡಿಕೊಂಡಿತ್ತು. ಹಣ ಯಾರಿಗೂ ಬೇಕಿರಲಿಲ್ಲ. ಆಕೆ ಏನೂ ಹೇಳಲಿಲ್ಲ. 'ನಿಮ್ಮ ಕುರ್ಚಿ ಖಾಲಿ ಇತ್ತು' ಎಂದು ಪಕ್ಕದ ಮನೆಯವರು ಹೇಳಿದರು. ಅಂಥ ದಿನ ಬಂದರೆ ಶಾಮಿಯಾನಕ್ಕೆ ಹೋಗಿ, ಬಾಗಿ 'ನೆಫ್ಸ್ ಯಿಮಾರ್' (ದೇವರು ಆ ಆತ್ಮಕ್ಕೆ ಕರುಣೆ ತೋರಲಿ) ಎಂದು ಹೇಳಿ ಕುಳಿತುಕೊಳ್ಳಿ. ಮಾತು ಬೇಕಿಲ್ಲ, ಕೊಟ್ಟದ್ದನ್ನು ತಿನ್ನಿ, ಮರುದಿನವೂ ಹೋಗಿ.